ಸಿದ್ಧಾಂತ ಗ್ರಂಥಗಳ ಪ್ರತಿಲಿಪಿ ಕಾರ್ಯ: ಮೂಡಬಿದಿರೆಯ ಓಲೆಗರಿಯಿಂದ ಮುದ್ರಿತ ಪಾಠದವರೆಗೆ

ಧವಲ, ಜಯಧವಲ, ಮಹಾಧವಲ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಸಿದ್ಧಾಂತ ಗ್ರಂಥಗಳ ಶಾಸ್ತ್ರವಿಷಯವನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಈ ಗ್ರಂಥಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಕಟ್ಟುಗಳಿಂದ ಹೊರಬಂದು ಅಭ್ಯಾಸಿಗಳ ಕೈಸೇರಿದ ವೃತ್ತಾಂತವು ಸಂಪಾದಕರ ಪೀಠಿಕೆಗಳಲ್ಲಿ ಮಾತ್ರ ಅಲ್ಲಲ್ಲಿ ಉಲ್ಲೇಖಗೊಂಡು, ಹಸ್ತಪ್ರತಿಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಲು ಯೋಗ್ಯವಾಗಿದೆ. 1883ರಲ್ಲಿ ಮೂಡಿದ ಒಂದು ಸಂಕಲ್ಪವು 1958ರಲ್ಲಿ ಧವಲದ ಹದಿನಾರನೆಯ ಭಾಗ ಅಚ್ಚಾಗುವವರೆಗೆ ಎಪ್ಪತ್ತೈದು ವರ್ಷಗಳ ಕಾಲ ನಡೆಯಿತು. ಈ ಅವಧಿಯಲ್ಲಿ ಕಾರ್ಯವನ್ನು ಬೇಡವೆಂದವರು ಹಲವರು. ಆಗದೆಂದವರು ಇನ್ನೂ ಹಲವರು. ಆದರೂ ಒಬ್ಬರು ಬಿಟ್ಟಲ್ಲಿಂದ ಮತ್ತೊಬ್ಬರು ಮುಂದುವರಿಸಿದರು.

ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ರಚಿಸಿದುದೂ, ಅದರ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು 72,000 ಗ್ರಂಥಪ್ರಮಾಣದ ಧವಲಾ ಟೀಕೆಯನ್ನು ಶಕ 738ರಲ್ಲಿ, ಅಂದರೆ ಕ್ರಿ.ಶ. 816ರಲ್ಲಿ, ಪೂರೈಸಿದುದೂ ಸರ್ವವಿದಿತ. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ಅವರು ಜಯಧವಲೆಯನ್ನು ಆರಂಭಿಸಿ 20,000 ಗ್ರಂಥಪ್ರಮಾಣದಷ್ಟು ಬರೆದ ಮೇಲೆ, ಉಳಿದ 40,000ವನ್ನು ಶಿಷ್ಯರಾದ ಜಿನಸೇನರು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲವೆಂಬ ಹೆಸರು ರೂಢಿಗೆ ಬಂದಿತು.

ಈ ಗ್ರಂಥಗಳ ಪ್ರಾಚೀನ ಪ್ರತಿಗಳು ಉಳಿದುಬಂದುದು ಕನ್ನಡ ನಾಡಿನ ಶ್ರಾವಕ ಶ್ರಾವಕಿಯರ ಶ್ರುತಭಕ್ತಿಯಿಂದ. ಧವಲದ ಓಲೆಪ್ರತಿಯ ಪ್ರಶಸ್ತಿಯು ಅದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ದಾನವಿತ್ತ ದೇಮಿಯಕ್ಕನನ್ನು ಸ್ಮರಿಸುತ್ತದೆ. ಈ ಶುಭಚಂದ್ರರು ಶಕ 1045ರಲ್ಲಿ, ಅಂದರೆ ಕ್ರಿ.ಶ. 1123ರಲ್ಲಿ, ದಿವಂಗತರಾದರೆಂಬುದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುವುದರಿಂದ ಪ್ರತಿಯ ಕಾಲವೂ ಅದಕ್ಕೆ ಸಮೀಪದ್ದೆಂದಾಗುತ್ತದೆ. ಮಹಾಬಂಧದ ಪ್ರತಿಯನ್ನು ಶಾಂತಿಸೇನನೆಂಬ ಅರಸನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ಉದ್ಯಾಪನೆಯ ನಿಮಿತ್ತ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಹೀಗೆ ದಾನವಾಗಿ ಬಂದ ಓಲೆಗಳು ಕಾಲಾಂತರದಲ್ಲಿ ಮೂಡಬಿದಿರೆಯನ್ನು ಸೇರಿ, ಓದುವ ವಸ್ತುವಾಗಿರುವುದಕ್ಕಿಂತ ಹೆಚ್ಚಾಗಿ ದರ್ಶನದ ವಸ್ತುವಾಗಿ ಉಳಿದವು.

ಮುಂಬಯಿಯ ಶೇಠ್ ಮಾಣಿಕಚಂದ್ ಅವರು 1883ರಲ್ಲಿ ಸಂಘಸಮೇತ ಯಾತ್ರೆ ಬಂದಾಗ ಈ ಓಲೆಗಳ ದರ್ಶನ ಪಡೆದರು. ಗರಿಗಳ ಜೀರ್ಣಸ್ಥಿತಿಯನ್ನು ಕಂಡು ಅವರ ಮನಸ್ಸಿನಲ್ಲಿ ಮೂಡಿದ ಚಿಂತೆಯೇ ಮುಂದಿನ ಕಾರ್ಯಕ್ಕೆ ಬೀಜವಾಯಿತು. ಅವರು ಈ ವಿಷಯವನ್ನು ಸೊಲ್ಲಾಪುರದ ಶೇಠ್ ಹಿರಾಚಂದ್ ನೇಮಚಂದರಿಗೆ ತಿಳಿಸಿದರು. ಹಿರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಮೂಡಬಿದಿರೆಗೆ ಹೋಗಿ ಗ್ರಂಥದ ಆರಂಭವನ್ನು ಓದಿಸಿ ಕೇಳಿದರು. ಆ ಲಿಪಿಯನ್ನು ಓದಿ ಅರ್ಥವಿಸಬಲ್ಲವರು ಆಗಲೇ ವಿರಳರಾಗಿದ್ದರು. ಅವರ ಕಾಲವೂ ಮುಗಿದರೆ ಓಲೆ ಉಳಿದರೂ ಗ್ರಂಥ ಉಳಿಯದೆಂಬುದು ಈ ಇಬ್ಬರು ಮಹನೀಯರಿಗೆ ಮನದಟ್ಟಾಯಿತು.

ಆದರೆ ಸಂಕಲ್ಪಕ್ಕೂ ಕಾರ್ಯಕ್ಕೂ ನಡುವೆ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಸಂದಿತು. ನಡುವೆ ಅಜ್ಮೀರದ ಶೇಠ್ ಮೂಲಚಂದ್ ಸೋನಿಯವರು ಪಂಡಿತ ಗೋಪಾಲದಾಸ ಬರೈಯಾ ಅವರೊಡನೆ ಬಂದು ಪ್ರತಿ ಮಾಡಿಸಲು ತೊಡಗಿದರು. ಪ್ರತಿಯು ಅಜ್ಮೀರಕ್ಕೆ ಹೋಗುವುದಕ್ಕೆ ಕ್ಷೇತ್ರದವರು ಒಪ್ಪದ ಕಾರಣ ಸ್ವಲ್ಪ ಭಾಗವಾಗುವಷ್ಟರಲ್ಲಿ ಆ ಕೆಲಸ ನಿಂತುಹೋಯಿತು. ಈ ಅಸಮ್ಮತಿಯನ್ನು ಕೇವಲ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶತಮಾನಗಳ ಕಾಲ ಓಲೆಗಳನ್ನು ಕಾಪಾಡಿದವರು ಅವರೇ. ಪ್ರತಿಗಳು ಊರೂರಿಗೆ ಹರಡಿದರೆ ಕ್ಷೇತ್ರದ ಮಹಿಮೆ ಕುಂದೀತು, ಶ್ರುತಕ್ಕೆ ಅವಿನಯವಾದೀತು ಎಂಬ ಭಯ ಆ ಕಾಲದ ಧರ್ಮಶ್ರದ್ಧೆಯ ಅಂಗವೇ ಆಗಿದ್ದಿತು.

ಕೊನೆಗೆ, ಪ್ರತಿಗಳು ಮೂಡಬಿದಿರೆಯಲ್ಲಿಯೇ ಉಳಿಯತಕ್ಕವೆಂಬ ನಿಬಂಧನೆಯೊಡನೆ 1896ರಲ್ಲಿ ಬರೆವಣಿಗೆ ಕ್ರಮವಾಗಿ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಈ ಕಾರ್ಯಕ್ಕೆ ನಿಯುಕ್ತರಾದರು. ಜಯಧವಲೆಯ ಕೆಲವೇ ಗರಿಗಳು ಮುಗಿಯುವಷ್ಟರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳು ಕಾಲವಾದರು. ಗಜಪತಿ ಉಪಾಧ್ಯಾಯರು ಎದೆಗುಂದದೆ ಮುಂದುವರಿದು, ಸುಮಾರು ಹದಿನಾರು ವರ್ಷಗಳಲ್ಲಿ ಧವಲ ಜಯಧವಲಗಳನ್ನು ನಾಗರಿಗೆ ಇಳಿಸಿದರು. ಮೂಡಬಿದಿರೆಯ ದೇವರಾಜ ಸೇಠಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರರು ಅವನ್ನೇ ಕನ್ನಡ ಲಿಪಿಯಲ್ಲಿ ಬರೆದರು. ಮಹಾಧವಲದ ನಾಗರಿ ಪ್ರತಿಯನ್ನು ಪಂಡಿತ ಲೋಕನಾಥ ಶಾಸ್ತ್ರಿಗಳೂ ಕನ್ನಡ ಪ್ರತಿಯನ್ನು ನೇಮಿರಾಜ ಸೇಠಿಯವರೂ ಸಿದ್ಧಪಡಿಸಿದರು. 1922ರಲ್ಲಿ ಕಾರ್ಯ ಮುಗಿದಾಗ ಇಪ್ಪತ್ತಾರು ವರ್ಷಗಳು ಸಂದಿದ್ದವು. ಆರಂಭಿಸಿದವರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳಂತೆ ಶೇಠ್ ಮಾಣಿಕಚಂದರೂ ಮುಕ್ತಾಯವನ್ನು ಕಾಣಲಿಲ್ಲ. ಅವರು 1914ರಲ್ಲಿಯೇ ದಿವಂಗತರಾಗಿದ್ದರು.

ಲಿಪಿಕಾರರ ಶ್ರಮದ ಸ್ವರೂಪವನ್ನು ಇಲ್ಲಿ ನೆನೆಯಬೇಕು. ಓಲೆಯಲ್ಲಿ ಪದವಿಭಾಗವಿಲ್ಲ. ಪ್ರಾಕೃತ ಸಂಸ್ಕೃತಗಳು ಒಂದೇ ವಾಕ್ಯದಲ್ಲಿ ಬೆರೆತುಬರುತ್ತವೆ. ಹಳಗನ್ನಡ ಲಿಪಿಯಲ್ಲಿ ದಕಾರ ಧಕಾರಗಳ ಭೇದ ಅಸ್ಪಷ್ಟ. ಪ್ರಾಕೃತ ಪದಗಳಲ್ಲಿ ಸೊನ್ನೆಯು ಒಮ್ಮೆ ಅನುಸ್ವಾರವನ್ನೂ ಮತ್ತೊಮ್ಮೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುತ್ತದೆ. ಎಲ್ಲಿ ಯಾವುದೆಂಬುದನ್ನು ವಿಷಯಜ್ಞಾನದಿಂದಲೇ ನಿರ್ಣಯಿಸಬೇಕು. ಇಂತಹ ಪಾಠವನ್ನು ಸಾವಿರಾರು ಗ್ರಂಥಪ್ರಮಾಣದಷ್ಟು, ಅಚ್ಚಿನ ಆಸೆಯಾಗಲಿ ಓದುಗರ ಪ್ರಶಂಸೆಯಾಗಲಿ ಇಲ್ಲದೆ, ವರ್ಷಾನುಗಟ್ಟಲೆ ಬರೆಯುವುದು ತಪಸ್ಸೇ ಸರಿ.

ಗ್ರಂಥಗಳು ಮೂಡಬಿದಿರೆಯ ಹೊರಗೆ ಬಂದ ಮಾರ್ಗ ಮಾತ್ರ ನಿಬಂಧನೆಗೆ ಅನುಗುಣವಾಗಿರಲಿಲ್ಲ. ಗಜಪತಿ ಉಪಾಧ್ಯಾಯರು ವಿದುಷಿಯಾದ ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡಿದ್ದರು. ಅದನ್ನು ಸೊಲ್ಲಾಪುರಕ್ಕೆ ಒಯ್ದಾಗ, ಇಡೀ ಕಾರ್ಯಕ್ಕೆ ಕಾರಣಪುರುಷರಾಗಿದ್ದ ಹಿರಾಚಂದರು ಕೊಟ್ಟ ಮಾತಿಗೆ ವಿರುದ್ಧವಾದ ಪ್ರತಿಯನ್ನು ಸ್ವೀಕರಿಸಲು ನಿರಾಕರಿಸಿದರು. ಅನಂತರ ಅದನ್ನು ಸಹಾರನಪುರದ ಲಾಲಾ ಜಂಬೂಪ್ರಸಾದರು ಪಡೆದರು. ಅಲ್ಲಿ ಪಂಡಿತ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿಗಳಿಂದ 1916 ರಿಂದ 1923ರವರೆಗೆ ನಾಗರಿ ಪ್ರತಿ ಸಿದ್ಧವಾಯಿತು. ಸೀತಾರಾಮ ಶಾಸ್ತ್ರಿಗಳು ಮಾಡಿಕೊಂಡ ಮತ್ತೊಂದು ಪ್ರತಿಯಿಂದ ಆರಾ, ಕಾರಂಜಾ, ಅಮರಾವತಿ ಮುಂತಾದ ಸ್ಥಳಗಳ ಪ್ರತಿಗಳು ಹುಟ್ಟಿದವು.

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ಧವಲದ ಸಂಪಾದನೆಯನ್ನು ಕೈಗೊಂಡಾಗ ಅವರ ಮುಂದಿದ್ದುದು ಈ ಪರಂಪರೆಯ ಪ್ರತಿಗಳೇ. ಎಲ್ಲವೂ ಒಂದೇ ಮೂಲದ ಸಂತತಿಯಾದುದರಿಂದ ಒಂದರ ತಪ್ಪು ಎಲ್ಲದರಲ್ಲಿಯೂ ಉಳಿದಿತ್ತು. ಓಲೆಯನ್ನು ತಾಳೆನೋಡುವ ಅವಕಾಶ ಆಗ ಇರಲಿಲ್ಲ. ಸಿದ್ಧಾಂತವನ್ನು ಅಚ್ಚುಹಾಕುವುದೇ ಅನುಚಿತ, ಗೃಹಸ್ಥರಿಗೆ ಅದರ ಅಧ್ಯಯನದ ಅಧಿಕಾರವಿಲ್ಲ ಎಂಬ ಆಕ್ಷೇಪಗಳೂ ಬಂದವು. ಸಂಪಾದಕರು ಶಾಸ್ತ್ರಾಧಾರಗಳನ್ನಿತ್ತು ಉತ್ತರ ಕೊಟ್ಟರು. ಅದರೊಡನೆ ಕೆಲಸವನ್ನೂ ನಿಲ್ಲಿಸಲಿಲ್ಲ. ವಿದಿಶೆಯ ಶೇಠ್ ಲಕ್ಷ್ಮೀಚಂದ್ರರು ದಾನದಿಂದ ಸ್ಥಾಪಿಸಿದ ಸಾಹಿತ್ಯೋದ್ಧಾರಕ ನಿಧಿಯ ಆಶ್ರಯದಲ್ಲಿ 1939ರಲ್ಲಿ ಮೊದಲನೆಯ ಭಾಗ ಪ್ರಕಟವಾಯಿತು. ಪಂಡಿತ ಫೂಲಚಂದ್ರ, ಪಂಡಿತ ಹೀರಾಲಾಲ, ಪಂಡಿತ ಬಾಲಚಂದ್ರ ಸಿದ್ಧಾಂತಶಾಸ್ತ್ರಿಗಳೂ, ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆಯವರೂ ಈ ಕಾರ್ಯದಲ್ಲಿ ಸಹಕರಿಸಿದರು.

ಸಂಪಾದಕರ ದೃಢತೆಗೂ ಸಂಯಮಕ್ಕೂ ಸಾಕ್ಷಿಯಾಗಿ ಸತ್ಪ್ರರೂಪಣೆಯ 93ನೆಯ ಸೂತ್ರವನ್ನು ಪರಿಶೀಲಿಸಬಹುದು. ಮಾನುಷಿಯರು ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರು ಎಂಬುದನ್ನು ಇದು ಹೇಳುತ್ತದೆ. ದೊರೆತ ಪ್ರತಿಗಳಲ್ಲಿ ಸಮ್ಯಗ್ಮಿಥ್ಯಾದೃಷ್ಟಿ, ಅಸಂಯತಸಮ್ಯಗ್ದೃಷ್ಟಿ, ಸಂಯತಾಸಂಯತ ಎಂಬ ಮೂರೇ ಸ್ಥಾನಗಳಿದ್ದವು. ಆದರೆ ಟೀಕಾಕಾರರು ಅದೇ ಪ್ರಸಂಗದಲ್ಲಿ, ಇವರಿಗೆ ಹದಿನಾಲ್ಕು ಗುಣಸ್ಥಾನಗಳು ಹೇಗೆ ಸಂಭವಿಸುತ್ತವೆಂದು ಶಂಕೆಯೆತ್ತಿ, ಭಾವಸ್ತ್ರೀವೇದದ ಅಪೇಕ್ಷೆಯಿಂದ ವಿರೋಧವಿಲ್ಲವೆಂದು ಪರಿಹರಿಸುತ್ತಾರೆ. ಸೂತ್ರದಲ್ಲಿ ‘ಸಂಜದ’ ಪದವಿಲ್ಲದಿದ್ದರೆ ಆ ಶಂಕೆಗೆ ಆಸ್ಪದವೇ ಇಲ್ಲ. ಆದುದರಿಂದ ಸಂಪಾದಕರು ಸೂತ್ರಪಾಠವನ್ನು ಪ್ರತಿಯಲ್ಲಿದ್ದಂತೆಯೇ ಅಚ್ಚುಮಾಡಿ, ಇಲ್ಲಿ ‘ಸಂಜದ’ ಎಂಬುದು ಬಿಟ್ಟುಹೋಗಿರುವಂತೆ ತೋರುತ್ತದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಈ ಒಂದು ಪದಕ್ಕಾಗಿ ದೀರ್ಘ ವಿವಾದವೇ ನಡೆಯಿತು. ಅದನ್ನು ಸೇರಿಸಿದರೆ ದ್ರವ್ಯಸ್ತ್ರೀಯ ಮುಕ್ತಿಗೆ ಎಡೆಕೊಟ್ಟಂತಾಗುವುದೆಂದು ಹಲವರು ಪಂಡಿತರು ತೀವ್ರವಾಗಿ ವಿರೋಧಿಸಿದರು. ಈ ಆತಂಕ ಸಿದ್ಧಾಂತರಕ್ಷಣೆಯ ಕಾಳಜಿಯಿಂದಲೇ ಹುಟ್ಟಿದುದು. ಆದರೆ ಪಾಠನಿರ್ಣಯಕ್ಕೆ ಪ್ರಮಾಣ ಪ್ರತಿಯೇ ಹೊರತು ಅಭಿಪ್ರಾಯವಲ್ಲ. ಮೊದಲ ಭಾಗಗಳು ಹೊರಬಂದ ಬಳಿಕ, ಪ್ರಕಾಶನದ ಶುದ್ಧತೆಯನ್ನೂ ಉದ್ದೇಶವನ್ನೂ ಕಂಡ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಓಲೆಗಳನ್ನು ತಾಳೆನೋಡಲು ಅನುಮತಿ ಕೊಟ್ಟರು. ಲೋಕನಾಥ ಶಾಸ್ತ್ರಿಗಳು ಮೊದಲಾದವರು ಪಾಠಗಳನ್ನು ಹೋಲಿಸಿದಾಗ ತಾಡಪತ್ರದಲ್ಲಿ ‘ಸಂಜದ’ ಪದ ಇದ್ದುದು ಸ್ಪಷ್ಟವಾಯಿತು. ಸಂಜದಾಸಂಜದ ಎಂಬುದರ ಬೆನ್ನಿಗೇ ಸಂಜದ ಎಂದು ಬರುವಲ್ಲಿ, ಸದೃಶಾಕ್ಷರಗಳಿಂದ ಲಿಪಿಕಾರನ ಕಣ್ಣು ಜಾರಿ ಒಂದು ಪದ ಲೋಪವಾಗುವುದು ಸಹಜ. ಸಂಪಾದಕರು ವಿರೋಧಕ್ಕೆ ಅಂಜಿ ಟಿಪ್ಪಣಿಯನ್ನು ಕೈಬಿಟ್ಟಿದ್ದರೆ ಈ ಲೋಪವನ್ನು ಹುಡುಕುವ ಪ್ರಸಂಗವೇ ಬರುತ್ತಿರಲಿಲ್ಲ. ಅವಸರಪಟ್ಟು ಮೂಲದಲ್ಲಿಯೇ ಪದವನ್ನು ಸೇರಿಸಿದ್ದರೆ ಅದು ಸಂಪಾದಕರ ಕಲ್ಪನೆಯೆಂಬ ಆರೋಪಕ್ಕೆ ಗುರಿಯಾಗುತ್ತಿತ್ತು.

ಮೂಡಬಿದಿರೆಯ ಈ ಸಹಕಾರದಿಂದ ಇನ್ನೊಂದು ಪ್ರಯೋಜನವೂ ಆಯಿತು. ಮಹಾಧವಲವೆಂದು ಕರೆಯಲ್ಪಡುತ್ತಿದ್ದ ಕಟ್ಟಿನ ಆದಿಭಾಗದಲ್ಲಿರುವುದು ಸತ್ಕರ್ಮಪಂಜಿಕೆಯೆಂದೂ ಮಹಾಬಂಧವು ಅದರ ಮುಂದೆ ಬರುತ್ತದೆಂದೂ ಖಚಿತವಾಯಿತು. ಮಹಾಬಂಧದ ಮೊದಲ ಭಾಗ ಪಂಡಿತ ಸುಮೇರುಚಂದ್ರ ದಿವಾಕರರ ಸಂಪಾದಕತ್ವದಲ್ಲಿ 1947ರಲ್ಲಿ ಭಾರತೀಯ ಜ್ಞಾನಪೀಠದಿಂದ ಹೊರಬಂದಿತು. ಜಯಧವಲೆಯ ಪ್ರಕಾಶನ 1944ರಲ್ಲಿ ಮಥುರೆಯಲ್ಲಿ ತೊಡಗಿ, ಹದಿನಾರು ಭಾಗಗಳಲ್ಲಿ, 1988ರಲ್ಲಿ ಮುಗಿಯಿತು.

ಈ ವೃತ್ತಾಂತದಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಒಂದನೆಯದು, ನಿರುತ್ಸಾಹದ ಮಾತುಗಳಿಗೆ ಸಮರ್ಪಕವಾದ ಉತ್ತರವನ್ನು ವಾದಕ್ಕಿಂತಲೂ ಶುದ್ಧವಾಗಿ ಮುಗಿದ ಕೆಲಸವೇ ಕೊಟ್ಟಿತು. ಹಿಂದೆ ಹಿಂಜರಿದ ಮೂಡಬಿದಿರೆಯವರೇ ಮುದ್ರಿತ ಭಾಗವನ್ನು ನೋಡಿ ಓಲೆಯ ಕಟ್ಟನ್ನು ಬಿಚ್ಚಿದರು. ಎರಡನೆಯದು, ಪ್ರತಿಬಂಧಿಸಿದವರ ಕಾವಲಿನಿಂದಲೇ ಓಲೆಯು ಸುರಕ್ಷಿತವಾಗಿ ಉಳಿದು, ಕೊನೆಗೆ ಪಾಠನಿರ್ಣಯಕ್ಕೆ ಪ್ರಮಾಣವಾಯಿತು. ಬರೆದವರ ಛಲವೂ ಕಾಯ್ದವರ ನಿಷ್ಠೆಯೂ ಕೂಡಿಯೇ ವೀರಸೇನಾಚಾರ್ಯರ ವಾಣಿ ಇಂದಿನ ಅಭ್ಯಾಸಿಗೆ ದೊರೆತಿದೆ. ಭಂಡಾರಗಳಲ್ಲಿ ಇನ್ನೂ ಪರಿಶೀಲನೆಯನ್ನು ಕಾಯುತ್ತಿರುವ ಓಲೆಕಟ್ಟುಗಳ ಮುಂದೆ ಕುಳಿತುಕೊಳ್ಳುವವರು, ಮುದ್ರಿತ ಪಾಠ ಇದ್ದೇ ಇದೆಯಲ್ಲಾ ಎಂದು ತೃಪ್ತರಾಗದೆ, ಮೂಲಪ್ರತಿಯನ್ನು ಮತ್ತೊಮ್ಮೆ ತಾಳೆನೋಡುವುದೇ ಈ ಲಿಪಿಕಾರರಿಗೆ ಸಲ್ಲಿಸತಕ್ಕ ಗೌರವ.