ಗೂಢಲೇಖವೂ ಮೂಕಸಾಕ್ಷ್ಯವೂ

ಪ್ರಾಚೀನರು ಅರುವತ್ತನಾಲ್ಕು ಕಲೆಗಳನ್ನು ಎಣಿಸುವಲ್ಲಿ ಮ್ಲೇಚ್ಛಿತವಿಕಲ್ಪವೆಂಬ ಗೂಢಲೇಖನವನ್ನೂ ಸೇರಿಸಿರುವುದು ವಾಚಕರಿಗೆ ವಿದಿತವೇ ಸರಿ. ಒಬ್ಬನು ಮುಚ್ಚಿ ಬರೆದುದನ್ನು ಮತ್ತೊಬ್ಬನು ಬಿಡಿಸಿ ಓದುವುದು ಬುದ್ಧಿಗೊಂದು ಹಬ್ಬ. ಆದರೆ ಓದಿದ ಮಾತ್ರಕ್ಕೆ ಸತ್ಯವು ಕೈಸೇರುವುದೇ? ಈ ಪ್ರಶ್ನೆಯನ್ನು ಎರಡು ಕೊಲೆಸರಣಿಗಳ ನಿದರ್ಶನದಿಂದ ವಿಚಾರಿಸೋಣ. ಒಂದು ದೂರದ ಅಮೆರಿಕದ್ದು. ಮತ್ತೊಂದು ನಮ್ಮ ಬಂಟ್ವಾಳ ತಾಲೂಕಿನದೇ.

ಕ್ಯಾಲಿಫೋರ್ನಿಯದಲ್ಲಿ 1968ರ ಡಿಸೆಂಬರದಿಂದ 1969ರ ಅಕ್ಟೋಬರದೊಳಗೆ ಐವರನ್ನು ಕೊಂದವನೊಬ್ಬನು ತನ್ನನ್ನು ‘ಜೋಡಿಯಾಕ್’, ಎಂದರೆ ರಾಶಿಚಕ್ರ, ಎಂದು ಕರೆದುಕೊಂಡು ಪತ್ರಿಕೆಗಳಿಗೆ ಕಾಗದಗಳನ್ನು ಬರೆದನು. 1969ರ ಜುಲಾಯಿಯ ಕೊನೆಯಲ್ಲಿ 408 ಚಿಹ್ನೆಗಳ ಲೇಖವೊಂದನ್ನು ಮೂರು ತುಂಡು ಮಾಡಿ ಮೂರು ಪತ್ರಿಕೆಗಳಿಗೆ ಕಳುಹಿಸಿ, ಅದರಲ್ಲಿ ತನ್ನ ಗುರುತಿದೆಯೆಂದು ಸಾರಿದನು. ಅದನ್ನು ಬಿಡಿಸಿದವರು ಪತ್ತೇದಾರರಲ್ಲ; ಸಲೀನಾಸಿನ ಶಾಲಾ ಉಪಾಧ್ಯಾಯ ಡೊನಾಲ್ಡ್ ಹಾರ್ಡನ್ ಮತ್ತು ಆತನ ಪತ್ನಿ ಬೆಟ್ಟಿ. ಇಂತಹ ಅಹಂಕಾರಿಯು ‘ನಾನು’ ಎಂದೇ ಆರಂಭಿಸಿರಬೇಕು, ‘ಕೊಲ್ಲು’ ಎಂಬ ಮಾತೂ ಬಂದಿರಬೇಕು ಎಂದು ಆಕೆ ಊಹಿಸಿದಳು, ಊಹೆಯು ಫಲಿಸಿತು. ನವೆಂಬರದಲ್ಲಿ ಬಂದ 340 ಚಿಹ್ನೆಗಳ ಲೇಖವಾದರೋ 51 ವರುಷ ಯಾರಿಗೂ ವಶವಾಗಲಿಲ್ಲ. ಅಕ್ಷರಗಳಿಗೆ ಚಿಹ್ನೆಗಳನ್ನಿಟ್ಟುದಲ್ಲದೆ ಅವುಗಳ ಕ್ರಮವನ್ನೂ ಓರೆಯಾಗಿ ಕದಲಿಸಿದ್ದುದೇ ಕಾರಣ. 2020ರ ಡಿಸೆಂಬರದಲ್ಲಿ ಅಮೆರಿಕದ ಡೇವಿಡ್ ಒರಾಂಚಕ್, ಆಸ್ಟ್ರೇಲಿಯದ ಸ್ಯಾಮ್ ಬ್ಲೇಕ್, ಬೆಲ್ಜಿಯಮಿನ ಯಾರ್ಲ್ ವಾನ್ ಐಕೆ ಎಂಬ ಮೂವರು ಹವ್ಯಾಸಿಗಳು ಗಣಕಯಂತ್ರದ ನೆರವಿನಿಂದ ಅದನ್ನೂ ಓದಿದರು. ಎರಡರಲ್ಲಿಯೂ ಕೊಲೆಗಾರನ ಹೆಸರು ದೊರೆಯಲಿಲ್ಲ. ದೊರೆತುದು ಆತನ ಬಡಾಯಿ ಮಾತ್ರ.

ಇದರಲ್ಲಿ ಆಶ್ಚರ್ಯವೇನು? ಮೂಡುಬಿದಿರೆಯ ಬಸದಿಗಳಲ್ಲಿ ಶಾಸನಗಳನ್ನು ಓದಿದವರು ಬಲ್ಲರು: ಲೋಕವು ತಿಳಿಯಬೇಕೆಂದು ಬರೆಯಿಸಿದವನು ಬಯಸಿದುದನ್ನೇ ಶಾಸನವು ಹೇಳುತ್ತದೆ. ಧರ್ಮಾತ್ಮನಾದ ದಾನಿಯನ್ನು ಘಾತುಕನಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಲೇಖದ ಸ್ವಭಾವವನ್ನಷ್ಟೇ ಹೇಳಿದೆನು.

ಇನ್ನು ನಮ್ಮ ನಾಡಿನದು. ಕನ್ಯಾನದ ಮೋಹನಕುಮಾರನು ಶಾಲೆಯ ಉಪಾಧ್ಯಾಯನಾಗಿದ್ದವನು. ಪತ್ರಿಕೆಗಳಿಗೆ ಕಾಗದ ಬರೆದು ಮೆರೆದವನಲ್ಲ. ಮದುವೆಯ ಆಸೆ ತೋರಿಸಿ ಹೆಂಗಸರನ್ನು ದೂರದ ಪಟ್ಟಣಗಳಿಗೆ ಕರೆದೊಯ್ದು, ಗರ್ಭನಿರೋಧಕ ಗುಳಿಗೆಯೆಂದು ಸಯನೈಡನ್ನು ನುಂಗಿಸಿ, ಅವರ ಒಡವೆಗಳೊಡನೆ ಮರೆಯಾಗುತ್ತಿದ್ದನು. ಬಸ್ಸುನಿಲ್ದಾಣಗಳ ಶೌಚಗೃಹಗಳಲ್ಲಿ ಸಿಕ್ಕಿದ ಶವಗಳು ಬೇರೆ ಬೇರೆ ಊರುಗಳ ಠಾಣೆಗಳಲ್ಲಿ ಗುರುತು ತಿಳಿಯದ ಹೆಂಗಸಿನ ಅಸಹಜ ಮರಣವೆಂದು ದಾಖಲಾದುವು. 2009ರಲ್ಲಿ ಬಂಟ್ವಾಳ ತಾಲೂಕಿನ ತರುಣಿಯೊಬ್ಬಳು ಕಾಣೆಯಾದಾಗ ಪೋಲೀಸರು ದೂರವಾಣಿ ಕರೆಗಳ ಜಾಡು ಹಿಡಿದರು. ಒಬ್ಬಾಕೆಯ ಜಾಡು ಕಾಣೆಯಾದ ಮತ್ತೊಬ್ಬಾಕೆಯ ಕಡೆಗೆ ದಾರಿ ತೋರಿಸಿತು. ಅಕ್ಟೋಬರದಲ್ಲಿ ಆತನು ಸೆರೆಸಿಕ್ಕಿದನು. ಇಪ್ಪತ್ತು ಕೊಲೆಗಳ ಆರೋಪವು ಹೊರಬಿತ್ತು. 2013ರ ಡಿಸೆಂಬರದಲ್ಲಿ ಮಂಗಳೂರಿನ ನ್ಯಾಯಾಲಯವು ಮೊದಲು ಮೂರು ಪ್ರಕರಣಗಳಲ್ಲಿ ಆತನನ್ನು ಅಪರಾಧಿಯೆಂದು ತೀರ್ಮಾನಿಸಿತು.

ಅಲ್ಲಿ ಹಂತಕನ ಕಾಗದಗಳು ರಾಶಿಯಾಗಿದ್ದರೂ ಹಂತಕನು ಅಜ್ಞಾತನು. ಇಲ್ಲಿ ಅಂತಹ ಕಾಗದವೊಂದೂ ಇಲ್ಲದೆ, ಯಾರ ಕೀರ್ತಿಗಾಗಿಯೂ ಬರೆಯದ ಕರೆಗಳ ಲೆಕ್ಕವೇ ಸಾಕ್ಷಿಯಾಯಿತು. ಹವ್ಯಾಸಿ ಸಂಶೋಧಕರ ತಾಳ್ಮೆಯು ನಿಜವಾಗಿಯೂ ವಂದನೀಯವಾದುದು. ಆದರೆ ನಾವು ಕೊಲೆಗಾರನ ಒಗಟಿನಲ್ಲಿ ಮೈಮರೆತಷ್ಟೂ ಆತನು ಬಯಸಿದ್ದನ್ನೇ ಆತನಿಗೆ ಕೊಟ್ಟಂತಾಗುವುದು. ಆ ತಾಳ್ಮೆಯಲ್ಲಿ ಅರ್ಧವನ್ನಾದರೂ ಠಾಣೆಯ ಪುಸ್ತಕದಲ್ಲಿ ಗುರುತಿಲ್ಲವೆಂದು ಬರೆಯಲ್ಪಟ್ಟ ಹೆಂಗಸಿನ ಹೆಸರನ್ನು ಹುಡುಕುವುದಕ್ಕೆ ವಿನಿಯೋಗಿಸಿದರೆ, ಎಲ್ಲಿಯೋ ಬಾಗಿಲು ತೆರೆದು ಕಾಯುತ್ತಿರುವ ತಾಯಿಗೆ ಉತ್ತರವು ದೊರೆತೀತು. ಇತಿಹಾಸಕ್ಕೂ ಅದೇ ಮೊದಲ ಋಣ.