ಆಳಕ್ಕೆ ಮುಳುಗುವ ತಿಮಿಂಗಿಲಗಳ ಧ್ವನಿಮುದ್ರಣ: ಸಾರ್ವಜನಿಕ ಮಾಹಿತಿ

ಬಲ್ಮಠದಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಮಂಗಳೂರಿನ ಕಡಲು ತೀರದ ಬಳಿ ಆಳವಿಲ್ಲದ್ದಾಗಿದ್ದು, ಸ್ಪರ್ಮ್ ತಿಮಿಂಗಿಲಗಳ ನೆಲೆಯು ಲಕ್ಷದ್ವೀಪದ ಕಡೆಯಂತಹ ಆಳ ಸಮುದ್ರವಾಗಿರುತ್ತದೆ. ಇವು ಸಾವಿರ ಮೀಟರಿಗೂ ಹೆಚ್ಚು ಆಳಕ್ಕಿಳಿದು ಸುಮಾರು ಮುಕ್ಕಾಲು ಗಂಟೆ ನೀರಿನಡಿಯಲ್ಲಿಯೇ ಇರುವುದರಿಂದ, ಹಡಗಿನಿಂದ ಕಣ್ಣಿಗೆ ಬಿದ್ದುದನ್ನಷ್ಟೇ ಎಣಿಸುವ ಕ್ರಮವು ಸಾಲದು. ಆದರೆ ಬೇಟೆಯ ವೇಳೆ ಇವು ಎಡೆಬಿಡದೆ ‘ಟಕ್ ಟಕ್’ ಎಂದು ಸದ್ದು ಮಾಡುತ್ತವೆ. ನೇರವಾಗಿ ಬಂದ ಸದ್ದಿಗೂ ನೀರಿನ ಮೇಲ್ಮೈಗೆ ತಾಗಿ ಮರಳಿದ ಸದ್ದಿಗೂ ನಡುವಿನ ಕಾಲದ ಅಂತರವು ಪ್ರಾಣಿಯಿರುವ ಆಳವನ್ನು ಅಂದಾಜಿಸಲು ನೆರವಾಗುತ್ತದೆ.

ಲಕ್ಷದ್ವೀಪದಲ್ಲಿ 2018ರ ಕೊನೆಯಿಂದ 2020ರ ಆರಂಭದವರೆಗೆ ನೀರಿನಡಿ ಹೈಡ್ರೋಫೋನ್ ಇರಿಸಿ ನೀಲಿ ತಿಮಿಂಗಿಲದ ಹಾಡನ್ನು ದಾಖಲಿಸಲಾಗಿದ್ದು, ಫಲಿತಾಂಶವು 2021ರಲ್ಲಿ ಪ್ರಕಟವಾಗಿರುತ್ತದೆ. ನೀಲಿ ತಿಮಿಂಗಿಲವು ಅಷ್ಟು ಆಳಕ್ಕೆ ಮುಳುಗುವ ಜಾತಿಯಲ್ಲವಾದರೂ ವಿಧಾನವು ಅದೇ ಆಗಿರುತ್ತದೆ.

ಸದ್ದು ಕೇಳದಿದ್ದ ಮಾತ್ರಕ್ಕೆ ತಿಮಿಂಗಿಲವಿಲ್ಲವೆಂದು ತೀರ್ಮಾನಿಸತಕ್ಕದ್ದಲ್ಲ. ಕೊಕ್ಕಿನ ತಿಮಿಂಗಿಲಗಳು ಮೇಲ್ಮೈಯ ಬಳಿ ಬಹುಮಟ್ಟಿಗೆ ಮೌನವಾಗಿರುತ್ತವೆ.

ಇಂತಹ ಹಲವು ಯಂತ್ರಗಳಲ್ಲಿ ಮುದ್ರಿಕೆಯು ಯಂತ್ರದೊಳಗೇ ಉಳಿಯುವುದರಿಂದ, ಯಂತ್ರ ಕಳೆದುಹೋದಲ್ಲಿ ತಿಂಗಳುಗಳ ದಾಖಲೆಯೇ ನಷ್ಟವಾಗುತ್ತದೆ. ಆದುದರಿಂದ ಬಲೆಗೆ ಇಂತಹ ಯಂತ್ರ ಸಿಲುಕಿದಲ್ಲಿ ಮೀನುಗಾರರು ಅದನ್ನು ಬಿಚ್ಚದೆ, ಸಿಕ್ಕಿದ ಸ್ಥಳ ಮತ್ತು ದಿನಾಂಕವನ್ನು ಬರೆದು, ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಕರಾವಳಿ ಕಾವಲು ಪೊಲೀಸ್ ಠಾಣೆಗೆ ಒಪ್ಪಿಸುವುದು.