ಗ್ರಹಣ, ಕತ್ತಲ ಕೋಣೆ ಮತ್ತು ಕ್ಯಾಮೆರಾ



ಹಿಜರಿ ಹತ್ತನೆಯ ವರ್ಷ ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಖಗೋಳ ಗಣಿತದ ಪ್ರಕಾರ ಅದು ಕ್ರಿ.ಶ. 632ರ ಜನವರಿ 27. ಪ್ರವಾದಿಯವರ ಮಗನ ಸಾವಿಗಾಗಿಯೇ ಸೂರ್ಯ ಕಪ್ಪಾದ ಎಂದು ಜನರು ಮಾತನಾಡಿಕೊಂಡರು. ಮಗನನ್ನು ಕಳೆದುಕೊಂಡ ದುಃಖದಲ್ಲಿದ್ದ ತಂದೆಗೆ ಅದು ಸಮಾಧಾನದ ಮಾತಾಗಬಹುದಿತ್ತು. ಆದರೆ ಪ್ರವಾದಿಯವರು(ಸ) ಅದನ್ನು ಒಪ್ಪಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ಎರಡು ನಿದರ್ಶನಗಳು, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ, ಗ್ರಹಣವನ್ನು ಕಂಡಾಗ ನಮಾಝ್ ಮಾಡಿರಿ ಎಂದು ತಿಳಿಸಿದರು. ಈ ಹದೀಸನ್ನು ನಾವೆಲ್ಲ ಬಲ್ಲೆವು. ಆದರೂ ಗ್ರಹಣದ ದಿನ ಗರ್ಭಿಣಿಯ ಕೈಗೆ ಚಾಕು ಕೊಡದ, ಮಕ್ಕಳನ್ನು ಬಾಗಿಲು ದಾಟಲು ಬಿಡದ ಮನೆಗಳು ನಮ್ಮಲ್ಲೂ ಕಡಿಮೆಯಿಲ್ಲ.

ಇನ್ನೊಂದು ವಿಷಯ. ನಮ್ಮ ಸಭೆಗಳಲ್ಲಿ ಭಾಷಣಕಾರರು ‘ಕ್ಯಾಮೆರಾ ಕಂಡುಹಿಡಿದವರು ಮುಸ್ಲಿಮರು’ ಎಂದಾಗ ಚಪ್ಪಾಳೆ ಬೀಳುತ್ತದೆ. ಅವರು ಹೇಳುತ್ತಿರುವುದು ಬಸರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರನ್ನು ಕುರಿತು. ಸಣ್ಣ ರಂಧ್ರದ ಮೂಲಕ ಬಿಂಬ ಮೂಡುವುದನ್ನು ಅವರಿಗಿಂತ ಬಹಳ ಹಿಂದೆಯೇ ಚೀನೀಯರೂ ಗ್ರೀಕರೂ ಗಮನಿಸಿದ್ದರು. ಹಾಗಾದರೆ ಇಬ್ನುಲ್ ಹೈಸಮ್ ಮಾಡಿದ್ದೇನು? ನನ್ನ ದೃಷ್ಟಿಯಲ್ಲಿ ಅದು ಯಾವ ಯಂತ್ರಕ್ಕಿಂತಲೂ ದೊಡ್ಡದು. ಗ್ರಹಣದ ಆಕಾರದ ಬಗ್ಗೆಯೇ ಅವರು ಒಂದು ಪ್ರಬಂಧ ಬರೆದರು. ಪಾರ್ಶ್ವ ಗ್ರಹಣದ ಬೆಳಕು ಸಣ್ಣ ರಂಧ್ರದಿಂದ ಹಾಯ್ದು ಎದುರಿನ ಗೋಡೆಯ ಮೇಲೆ ಬಿದ್ದಾಗ ಕುಡುಗೋಲಿನಂಥ ಬಿಂಬ ಮೂಡುತ್ತದೆ. ರಂಧ್ರ ದುಂಡಗಿದ್ದರೂ ಬಿಂಬ ಕುಡುಗೋಲೇ. ಅದೇ ರಂಧ್ರವನ್ನು ಅಗಲ ಮಾಡಿದರೆ ಬಿಂಬ ದುಂಡಗಾಗಿಬಿಡುತ್ತದೆ. ಏಕೆ? ಸೂರ್ಯನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ನೇರ ಗೆರೆಯಲ್ಲಿ ಹೊರಟು ರಂಧ್ರದ ಆಕಾರದ ಒಂದೊಂದು ಬೆಳಕಿನ ಬೊಟ್ಟನ್ನು ಗೋಡೆಯ ಮೇಲೆ ಇಡುತ್ತದೆ. ಬೊಟ್ಟುಗಳು ಚಿಕ್ಕವಾಗಿದ್ದರೆ ಅವೆಲ್ಲ ಸೇರಿ ಸೂರ್ಯನ ಆಕಾರವನ್ನು ತೋರಿಸುತ್ತವೆ. ದೊಡ್ಡವಾದರೆ ಒಂದರ ಮೇಲೊಂದು ಬಿದ್ದು ಆಕಾರವನ್ನು ನುಂಗಿಬಿಡುತ್ತವೆ. ಇಬ್ನುಲ್ ಹೈಸಮ್ ಇದನ್ನು ರೇಖಾಗಣಿತದಿಂದ ವಿವರಿಸಿದರು. ಹಾಗಿದ್ದರೆ ಬಾಲಚಂದ್ರನ ಬಿಂಬ ಏಕೆ ಹಾಗೆ ಮೂಡುವುದಿಲ್ಲ ಎಂದು ಪ್ರಶ್ನಿಸುವುದನ್ನೂ ಬಿಡಲಿಲ್ಲ. ಹೆಗ್ಗಳಿಕೆಗಿಂತ ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಕೊಡುವುದು ಒಳ್ಳೆಯದಲ್ಲವೇ?

(ಕ್ಯಾಮೆರಾ ಎಂಬ ಪದ ಅರಬಿಯಿಂದ ಬಂದುದೆಂದು ಹೇಳುವವರೂ ಇದ್ದಾರೆ. ಅದು ಲ್ಯಾಟಿನ್ ಪದ, ಅರ್ಥ ಕೋಣೆ. ನಮ್ಮ ಉರ್ದುವಿನ ‘ಕಮ್ರಾ’ ಕೂಡ ಪೋರ್ಚುಗೀಸರ ಬಾಯಿಂದ ಬಂದ ಅದೇ ಮೂಲದ ಪದ. ಹೀಗಾಗಿ ಕಮ್ರಾ ಮತ್ತು ಕ್ಯಾಮೆರಾ ಒಡಹುಟ್ಟಿದವು.)

ಇಬ್ನುಲ್ ಹೈಸಮ್‌ರ ಸಮಕಾಲೀನರಾದ ಅಲ್ ಬಿರೂನಿ, ಭಾರತದ ಬಗ್ಗೆ ಗ್ರಂಥ ಬರೆದ ಅದೇ ವಿದ್ವಾಂಸರು, ಗ್ರಹಣ ನೋಡುವುದಕ್ಕೆ ಬೆಲೆ ತೆತ್ತವರು. ಯೌವನದಲ್ಲಿ ಸೂರ್ಯಗ್ರಹಣಗಳನ್ನು ನೇರವಾಗಿ ನೋಡಿದ್ದರಿಂದ ತಮ್ಮ ದೃಷ್ಟಿ ದುರ್ಬಲವಾಯಿತೆಂದು ಅವರೇ ಬರೆದಿದ್ದಾರೆ. ನೀರಿನಲ್ಲಿ ಸೂರ್ಯನ ಬಿಂಬ ನೋಡುವುದು ಮೇಲೆಂದು ಇತರರಿಗೆ ಸಲಹೆ ಕೊಟ್ಟರು. ಇಂದಿನ ವೈದ್ಯರು ನೀರಿನ ಬಿಂಬವನ್ನು ನೋಡುವುದೂ ಬೇಡ ಎನ್ನುತ್ತಾರೆ.

ಇಲ್ಲಿಂದ ಎಂಟು ಶತಮಾನ ದಾಟಿ ಬರೋಣ. ಕತ್ತಲ ಕೋಣೆಯ ಬಿಂಬವನ್ನು ಹಿಡಿದಿಡುವ ರಸಾಯನ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1851ರ ಜುಲೈ 28ರಂದು ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಬೆರ್ಕೋವ್‌ಸ್ಕಿ ಎಂಬ ಛಾಯಾಗ್ರಾಹಕರು ಬೆಳ್ಳಿಯ ಲೇಪವಿದ್ದ ತಟ್ಟೆಯ ಮೇಲೆ ಪೂರ್ಣ ಗ್ರಹಣದ ಮೊದಲ ಯಶಸ್ವಿ ಚಿತ್ರ ತೆಗೆದರು. ಅಲ್ಲಿಯವರೆಗೆ ಗ್ರಹಣವೆಂದರೆ ಕಂಡವರು ಹೇಳಿದ್ದು, ಬರೆದದ್ದು ಅಷ್ಟೆ. ಕಪ್ಪು ಚಂದ್ರನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಸೂರ್ಯನವೋ ಚಂದ್ರನವೋ ಎಂಬ ವಾದವೇ ಮುಗಿದಿರಲಿಲ್ಲ. 1860ರಲ್ಲಿ ಸ್ಪೇನ್ ದೇಶದಲ್ಲಿ ವಾರೆನ್ ಡಿ ಲಾ ರೂ ಒಂದು ಕಡೆ, ಪಾದ್ರಿ ಸೆಕ್ಕಿ ನೂರಾರು ಕಿಲೋಮೀಟರ್ ದೂರದ ಇನ್ನೊಂದು ಕಡೆ ಚಿತ್ರ ತೆಗೆದರು. ಎರಡನ್ನೂ ಹೋಲಿಸಿದಾಗ ಜ್ವಾಲೆಗಳು ಹೊಂದಿಕೊಂಡವು. ಚಂದ್ರ ಸರಿದಂತೆ ಒಂದು ಬದಿಯ ಜ್ವಾಲೆಗಳು ಮುಚ್ಚಿಕೊಂಡು ಇನ್ನೊಂದು ಬದಿಯವು ತೆರೆದುಕೊಂಡದ್ದೂ ಚಿತ್ರಗಳಲ್ಲಿತ್ತು. ಅವು ಸೂರ್ಯನವೇ ಎಂಬುದು ಖಚಿತವಾಯಿತು. ಛಾಯಾಚಿತ್ರ ಮಾಡಿದ ಉಪಕಾರ ಇದು: ಸಾಕ್ಷಿಯನ್ನು ಮೇಜಿನ ಮೇಲಿಟ್ಟು ಯಾರು ಬೇಕಾದರೂ ಪರೀಕ್ಷಿಸುವಂತಾಯಿತು.

ಆ ಜ್ವಾಲೆಗಳು ಯಾವುದರಿಂದ ಆಗಿವೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ನಮ್ಮ ನೆಲದಲ್ಲಿ. 1868ರ ಆಗಸ್ಟ್ 18ರ ಪೂರ್ಣ ಗ್ರಹಣದ ಹಾದಿ ದಕ್ಷಿಣ ಭಾರತವನ್ನು ಅಡ್ಡಲಾಗಿ ದಾಟಿತು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣಗಳೊಡನೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಇವರು. ಮಳೆಗಾಲದ ಮೋಡ ಕಾಡಿತು. ಮೋಡ ಸರಿದ ಅಲ್ಪ ಅವಧಿಯಲ್ಲೇ ಅವರು ರೋಹಿತದರ್ಶಕದಲ್ಲಿ ಜ್ವಾಲೆಯ ಬೆಳಕಿನ ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡರು. ಅಂದರೆ ಜ್ವಾಲೆ ಕಾದ ಅನಿಲದ್ದು. ಗುಂಟೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಅವರೂ ಇದನ್ನೇ ಕಂಡು, ಗ್ರಹಣವಿಲ್ಲದ ಮರುದಿನವೂ ಆ ಗೆರೆಗಳನ್ನು ನೋಡುವ ಉಪಾಯ ಕಂಡುಕೊಂಡರು. ಗುಂಟೂರಿನಲ್ಲೇ ‘ಹೀಲಿಯಂ ಸಿಕ್ಕಿತು’ ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ಅದು ಅಷ್ಟು ಸರಳವಲ್ಲ. ಹಳದಿ ಗೆರೆ ಸೋಡಿಯಂನದಲ್ಲ ಎಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಲಾಕಿಯರ್ ಮುಖ್ಯರು. ಭೂಮಿಯ ಮೇಲೆ ಆ ಅನಿಲ ದೊರೆತದ್ದು 1895ರಲ್ಲಿ, ರಾಮ್ಸೆಯವರಿಗೆ.

ಗುಂಟೂರಿನಲ್ಲೇ ಮೇಜರ್ ಟೆನೆಂಟ್‌ರ ತಂಡ ಛಾಯಾಚಿತ್ರ ತೆಗೆಯಿತು. ಆಗ ಗುಂಡಿ ಒತ್ತಿದರೆ ಚಿತ್ರ ಬರುತ್ತಿರಲಿಲ್ಲ. ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಸವರಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ದೂರದರ್ಶಕಕ್ಕೆ ಸೇರಿಸಿ, ಒಣಗುವ ಮೊದಲೇ ಕತ್ತಲ ಡೇರೆಯಲ್ಲಿ ತೊಳೆಯಬೇಕು. ಆಗಸ್ಟ್ ತಿಂಗಳ ಗುಂಟೂರಿನ ಸೆಕೆಯಲ್ಲಿ, ಕೈಗೆ ಸಿಗುವ ಐದೂ ಚಿಲ್ಲರೆ ನಿಮಿಷಗಳಲ್ಲಿ ಇದೆಲ್ಲ ಆಗಬೇಕು. ತೆಳು ಮೋಡದಿಂದ ಚಿತ್ರಗಳು ಮಸುಕಾದವು, ಆದರೂ ಜ್ವಾಲೆಗಳು ಮೂಡಿದವು.

ಅದೇ ದಿನ ನಿಜಾಮರ ಸೀಮೆಯ ವನಪರ್ತಿಯಲ್ಲಿ ಗ್ರಹಣ ವೀಕ್ಷಿಸಿದವರು ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ. 1874ರ ಶುಕ್ರ ಸಂಕ್ರಮಣದ ಸಮಯದಲ್ಲಿ ಜನಸಾಮಾನ್ಯರಿಗಾಗಿ ಅವರು ಬರೆದ ಕಿರುಪುಸ್ತಕ ಉರ್ದು, ಕನ್ನಡಗಳಲ್ಲೂ ಬಂದಿತ್ತು. ಎರಡೂ ಭಾಷೆ ಕಲಿಸುವ ನನಗೆ ಇದು ಬಹಳ ಸಂತೋಷದ ವಿಷಯ.

ಇಷ್ಟೆಲ್ಲ ಆದ ಮೇಲೂ 1980ರ ಫೆಬ್ರುವರಿ 16ರಂದು ಕಾರವಾರದಿಂದ ರಾಯಚೂರಿನವರೆಗೆ ಹಗಲೇ ಕತ್ತಲಾದಾಗ ನಮ್ಮ ಬೀದಿಗಳು ಖಾಲಿ ಇದ್ದವು. ಜನರು ಹೊರಗೆ ಬರದಿರಲೆಂದು ದೂರದರ್ಶನ ಆ ಹೊತ್ತಿಗೆ ಚಲನಚಿತ್ರ ಪ್ರಸಾರ ಮಾಡಿತ್ತು. ಕಣ್ಣಿನ ಭಯ ನಿಜ. ಆದರೆ ಅದಕ್ಕೆ ಉಪಾಯ ಸಾವಿರ ವರ್ಷಗಳಿಂದ ಇತ್ತು: ಒಂದು ರಟ್ಟು, ಒಂದು ಸೂಜಿ. ರಟ್ಟಿಗೆ ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ಕೊಟ್ಟು, ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿದರಾಯಿತು.

2027ರ ಆಗಸ್ಟ್ 2ರ ಪೂರ್ಣ ಗ್ರಹಣದ ಹಾದಿಯಲ್ಲಿ ಜಿದ್ದಾ ಮತ್ತು ಮಕ್ಕಾ ನಗರಗಳಿವೆ. ನಮ್ಮ ಎಷ್ಟೋ ಮನೆಗಳವರು ಅಲ್ಲಿ ದುಡಿಯುತ್ತಿದ್ದಾರೆ. ಗ್ರಹಣದ ನಮಾಝ್ ಅಲ್ಲಿ ನಡೆಯುತ್ತದೆ. ಅದರ ಆಚೀಚೆ ಚಿತ್ರ ತೆಗೆಯಬಯಸುವವರಿಗೆ ತಿಳಿಸಿರಿ: ಸೂರ್ಯನಿಗೆಂದೇ ತಯಾರಾದ ಫಿಲ್ಟರನ್ನು ಲೆನ್ಸಿನ ಮುಂಭಾಗಕ್ಕೆ ಹಾಕಬೇಕು, ಕಣ್ಣಿನ ಬಳಿ ಅಲ್ಲ. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ತಂಪು ಕನ್ನಡಕ ಯಾವುದೂ ಆಗದು. ಸೂರ್ಯ ಪೂರ್ತಿ ಮರೆಯಾದ ನಿಮಿಷಗಳಲ್ಲಿ ಮಾತ್ರ ಫಿಲ್ಟರ್ ತೆಗೆಯಬಹುದು. ಅಂಚಿನಲ್ಲಿ ವಜ್ರದ ಉಂಗುರದಂತೆ ಬೆಳಕು ಮತ್ತೆ ಮಿಂಚಿದೊಡನೆ ಅದನ್ನು ಹಾಕಿಬಿಡಬೇಕು.